ಆಟೋ ಮೀಟರ್ ಎಳೆದ ಗೆರೆ

ಹತ್ತನೇ ಕ್ಲಾಸಿನ ಮಗಳು ಶನಿವಾರ ರಾತ್ರಿ ಗ್ರಾಫ್ ಹಾಳೆ ಮುಂದೆ ಕೂತು ಅತ್ತುಬಿಟ್ಟಳು. ಲೆಕ್ಕವೇನೂ ತಪ್ಪಿರಲಿಲ್ಲ. ಎಕ್ಸ್‌ಗೆ ಬೆಲೆ ಕೊಟ್ಟು, ವೈ ಕಂಡುಹಿಡಿದು, ಚುಕ್ಕಿ ಇಟ್ಟು, ಚೆಂದಾಗಿ ಗೆರೆ ಎಳೆದಿದ್ದಳು. "ಉತ್ತರ ಬಂತು ಅಮ್ಮ. ಆದ್ರೆ ಈ ಗೆರೆ ಏನು ಹೇಳ್ತಿದೆ ಅಂತಾನೇ ಗೊತ್ತಾಗ್ತಿಲ್ಲ" ಅಂದಳು.

ನನಗೆ ಚುರುಕ್ ಅಂತು. ನಾನೂ ಹಾಗೇ ಓದಿದವಳು. ಸ್ಲೋಪ್ ಅನ್ನೋದು ಪಿಯುಸಿಯಲ್ಲಿ ಬಂದಾಗ ಸೂತ್ರ ಬಾಯಿಪಾಠ ಮಾಡಿ ಪಾಸಾದೆ. ಅದು ಏನು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಬೆಂಗಳೂರಿನ ಇನ್ನೊಂದು ತುದಿಯಲ್ಲಿರುವ ಅಕ್ಕನ ಮನೆಗೆ ಹೊರಟೆವು. ಆಟೋ ಹತ್ತುವಾಗ ಹೊಳೆಯಿತು. "ಪುಟ್ಟಿ, ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ. ಆಮೇಲೆ ಕಿಲೋಮೀಟರ್‌ಗೆ 18. 7 ಕಿಲೋಮೀಟರ್‌ಗೆ ಎಷ್ಟಾಗುತ್ತೆ, ಸಮೀಕರಣ ಬರೆದು ಹೇಳು" ಅಂದೆ. ಅವಳು ಕೈ ಮೇಲೇ ಬರೆದಳು: ವೈ = 36 + 18ಎಕ್ಸ್. "162!"

ಭಾನುವಾರ ಬೆಳಗ್ಗೆ, ರಸ್ತೆ ಖಾಲಿ. ಅವಳ ಕಣ್ಣು ಮೀಟರ್ ಬಿಟ್ಟು ಅಲ್ಲಾಡಲಿಲ್ಲ. ಮೊದಲು ಸುಮಾರು ಹೊತ್ತು 36 ಹಾಗೇ ನಿಂತಿತ್ತು. 3ಕ್ಕೆ 54, 4ಕ್ಕೆ 72, 5ಕ್ಕೆ 90. ಒಂದೊಂದನ್ನೂ ಬರೆದುಕೊಂಡಳು. 7 ಆದಾಗ 126. "ಅಣ್ಣ, ಮೀಟರ್ ಕಡಿಮೆ ತೋರಿಸ್ತಿದೆ" ಅಂದಳು. ಆಟೋದವರು ನಕ್ಕು, "ಮೊದಲ ಎರಡು ಕಿಲೋಮೀಟರ್ ಆ 36ರ ಒಳಗೇ ಬಂತಲ್ಲಮ್ಮ" ಅಂದರು. ಅವಳು ಎರಡು ಸಲ ದುಡ್ಡು ಹಾಕಿದ್ದು ಅಲ್ಲೇ. 18 ಅನ್ನೋದು 2 ಕಿಲೋಮೀಟರ್ ದಾಟಿದ ಮೇಲಿನ ದೂರಕ್ಕೆ ಮಾತ್ರ. ಹಾಗಾಗಿ 36 + 18(ಎಕ್ಸ್ – 2). ಬಿಡಿಸಿದರೆ ಎರಡೂ 36 ಹೊಡೆದುಹೋಗಿ ಬರೀ 18ಎಕ್ಸ್ ಉಳಿಯಿತು.

ಅಕ್ಕನ ಮನೆಯ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿದಳು. 2 ಕಿಲೋಮೀಟರ್‌ವರೆಗೆ ಗೆರೆ ಚಪ್ಪಟೆ. ದೂರ ಜಾಸ್ತಿಯಾದರೂ ದುಡ್ಡು ಜಾಸ್ತಿಯಾಗಲ್ಲ. ಅಲ್ಲಿ ಸ್ಲೋಪ್ ಸೊನ್ನೆ. ಆಮೇಲೆ ಏರು. "3ರಿಂದ 4ಕ್ಕೆ ಹೋಗು, ಎಷ್ಟು ಮೇಲೆ ಹತ್ತಿದೆ? 6ರಿಂದ 7ಕ್ಕೆ?" ಎಲ್ಲಿ ನೋಡಿದರೂ 18. "ಅದು ಬದಲಾಗಲ್ಲ, ಅದಕ್ಕೇ ಗೆರೆ ನೆಟ್ಟಗಿದೆ ಅಲ್ವಾ ಅಮ್ಮ?" ಅಂದಳು. ಇಷ್ಟು ವರ್ಷ ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಸೂತ್ರ ಇದೇ! ಬಲಕ್ಕೆ ಒಂದು ಹೆಜ್ಜೆ ಇಟ್ಟರೆ ಮೇಲಕ್ಕೆ ಎಷ್ಟು ಅನ್ನೋದು.

ಏರುವ ಗೆರೆಯನ್ನು ಪೆನ್ಸಿಲ್‌ನಲ್ಲಿ ಹಿಂದಕ್ಕೆ ಎಳೆ ಅಂದೆ. ಸ್ಕೇಲ್ ಜೋಡಿಸಿದಳು. ಅದು ನೇರ ಹೋಗಿ ಸೊನ್ನೆಯ ಮೂಲೆ ಮುಟ್ಟಿತು. ಅವಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಈ ದರ ಬಂದದ್ದು 2025ರ ಆಗಸ್ಟ್ 1ರಿಂದ. ಅದಕ್ಕೆ ಮುಂಚೆ 2 ಕಿಲೋಮೀಟರ್‌ಗೆ 30, ಆಮೇಲೆ 15. ಅದನ್ನೂ ಬೇರೆ ಬಣ್ಣದಲ್ಲಿ ಹಾಕಿದಳು. 2ರಲ್ಲಿ ಎರಡು ಗೆರೆಗಳ ನಡುವೆ 6 ರೂಪಾಯಿ ಅಂತರ, 7ರಲ್ಲಿ 21. "ದೂರ ಹೋದಷ್ಟೂ ಬಾಯಿ ತೆರೀತಾ ಹೋಗುತ್ತೆ" ಅಂತ ದೊಡ್ಡಮ್ಮನಿಗೆ ವಿವರಿಸಿದಳು. ಅಕ್ಕ ಸೌಟು ಹಿಡಿದುಕೊಂಡೇ ಕೇಳಿದಳು.

ವಾಪಸ್ ಹೊರಟಾಗ ರಾತ್ರಿ ಹತ್ತು ದಾಟಿತ್ತು. ಆ ಹೊತ್ತಿಗೆ ಒಂದೂವರೆ ಪಟ್ಟು. "ಹಾಗಾದ್ರೆ 27" ಅಂತ ಆಟೋದಲ್ಲೇ ಲೆಕ್ಕ ಹಾಕಿದಳು. ಮನೆಗೆ ಬಂದವಳೇ ಮೂರನೇ ಗೆರೆ ಶುರು ಮಾಡಿದಳು. ಒಂದು ಸೆಂಟಿಮೀಟರ್‌ಗೆ 6 ರೂಪಾಯಿ ಅಂತ ಇಟ್ಟುಕೊಂಡಿದ್ದಳು. 6 ಕಿಲೋಮೀಟರ್ ಮುಟ್ಟೋದರೊಳಗೆ ಗೆರೆ ಹಾಳೆಯ ಮೇಲಂಚು ದಾಟಿತು. ಇನ್ನೊಂದು ಹಾಳೆ ತಂದು, ಚೌಕಕ್ಕೆ ಚೌಕ ಜೋಡಿಸಿ, ಗೋಂದು ಹಚ್ಚಿದಳು.