ಆರನೇ ಕ್ಲಾಸಿನ ಹುಡುಗನಿಗೆ ಪಾಪು ಪುಸ್ತಕ

ನಮ್ಮದು ಕೊಡಗಿನ ಪೊನ್ನಂಪೇಟೆ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಕನ್ನಡ ಪಾಠ ಮಾಡುವವಳು, ಲೈಬ್ರರಿಯ ಬೀಗದಕೈಯೂ ನನ್ನ ಹತ್ತಿರವೇ. ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿರುವ ಒಂದು ಕಬ್ಬಿಣದ ಬೀರು. ಮಳೆಗಾಲ ಪೂರ್ತಿ ಅದರೊಳಗೆ ಒಂದು ಬಲ್ಬ್ ಉರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಪುಸ್ತಕಕ್ಕೆಲ್ಲ ಬೂಸ್ಟು. ಅನುದಾನ ಬಂದಾಗ ಯಾವ ಪುಸ್ತಕ ತರಬೇಕು ಅನ್ನುವುದೂ ನನ್ನ ತಲೆಗೇ. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮೊದಲ ನಾಲ್ಕೈದು ವರ್ಷ ತಪ್ಪಾಗಿಯೇ ಮಾಡಿದೆ.

ಚಿಕ್ಕ ಮಕ್ಕಳಿಗೆ ಪುಸ್ತಕ ಆರಿಸುವುದು ಅಷ್ಟು ಕಷ್ಟವಲ್ಲ. ಚಿತ್ರ ದೊಡ್ಡದಿದ್ದು, ಯಾವುದೋ ಪ್ರಾಣಿ ಮಾತಾಡಿದರೆ ಅರ್ಧ ಗೆದ್ದ ಹಾಗೆ. ಪೇಚಾಟ ಶುರುವಾಗುವುದು ನಾಲ್ಕರಿಂದ ಏಳನೇ ಕ್ಲಾಸಿನವರ ಹತ್ತಿರ. ಒಂದೇ ಬೆಂಚಿನಲ್ಲಿ ನೂರು ಪುಟದ ಪುಸ್ತಕವನ್ನು ಎರಡು ದಿನಕ್ಕೆ ಮುಗಿಸುವ ಹುಡುಗಿ, ಅವಳ ಪಕ್ಕದಲ್ಲೇ ಒತ್ತಕ್ಷರ ಕಂಡರೆ ನಿಂತುಬಿಡುವ ಹುಡುಗ. ಮನೆಮಾತು ಕೊಡವ ತಕ್ಕ್, ಎರವ, ಕುರುಬ, ಅರೆಭಾಷೆ, ಮಲಯಾಳ. ಈಚೆಗೆ ತೋಟದ ಲೈನ್ ಮನೆಗಳಿಂದ ಅಸ್ಸಾಮಿನ ಮಕ್ಕಳೂ ಬರುತ್ತಾರೆ. ಇವರಲ್ಲಿ ಎಷ್ಟೋ ಜನಕ್ಕೆ ಪುಸ್ತಕದ ಕನ್ನಡ ಶಾಲೆಯ ಗೇಟು ದಾಟಿದ ಮೇಲೆ ಸಿಗುವ ಭಾಷೆ.

ಆ ಹುಡುಗ ಆರನೇ ಕ್ಲಾಸು. ಓದು ಮಾತ್ರ ಎರಡನೇ ಕ್ಲಾಸಿನಲ್ಲೇ ನಿಂತಿತ್ತು. ಮಗುವಿನ ಮಟ್ಟಕ್ಕೆ ತಕ್ಕ ಪುಸ್ತಕ ಕೊಡಿ ಎಂದು ತರಬೇತಿಯಲ್ಲಿ ಹೇಳಿಸಿಕೊಂಡು ಬಂದಿದ್ದೆನಲ್ಲ, ಬಲೂನು ಹಿಡಿದ ಮೊಲದ ಪುಸ್ತಕವೊಂದನ್ನು ತೆಗೆದುಕೊಟ್ಟೆ. ಪುಟಕ್ಕೆ ಎರಡೇ ಸಾಲು. ಅವನು ಮಾತಾಡದೆ ತಗೊಂಡ, ಸಮಾಜ ವಿಜ್ಞಾನದ ಪುಸ್ತಕದೊಳಗೆ ಅಡಗಿಸಿಟ್ಟುಕೊಂಡು ಓದಲು ಕೂತ. ಹಿಂದಿನ ಬೆಂಚಿನವಳು ಅದನ್ನು ಎಳೆದು ಎತ್ತಿ ಹಿಡಿದು, "ಅಯ್ಯೋ, ಪಾಪು ಪುಸ್ತಕ!" ಅಂದಳು. ಇಡೀ ಕ್ಲಾಸು ನಕ್ಕಿತು. ಆಮೇಲೆ ಎರಡು ತಿಂಗಳು, ಲೈಬ್ರರಿ ಪಿರಿಯಡ್ ಬಂತೆಂದರೆ ಅವನಿಗೆ ಹೊಟ್ಟೆನೋವು.

ಹುಡುಗಿಯನ್ನು ಗದರಿದೆ, ನಿಜ. ಆದರೆ ಮೊಲವನ್ನು ಆರಿಸಿದ್ದು ಅವಳಲ್ಲ. ಅಕ್ಷರ ಕೂಡಿಸುವುದರಲ್ಲಿ ಅವನಿಗೆ ಏಳು ವರ್ಷ, ಉಳಿದೆಲ್ಲದರಲ್ಲಿ ಹನ್ನೊಂದು. ಅವ್ವ ಕಾಫಿ ಕುಯ್ಯಲು ಹೋದರೆ ಅನ್ನ ಬೇಯಿಸಿ ತಂಗಿಗೆ ಉಣ್ಣಿಸುವವನು, ತೋಟಕ್ಕೆ ಆನೆ ಇಳಿದಿದ್ದರೆ ಯಾವ ದಾರಿ ಹಿಡಿಯಬೇಕೆಂದು ನನಗೇ ಹೇಳುವವನು. ನಾನು ಅಳೆದದ್ದು ಅವನ ಓದನ್ನು ಮಾತ್ರ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು ಲೈಬ್ರರಿಗಳಿಗೆಂದು 1931ರಲ್ಲಿ ಬರೆದಿಟ್ಟ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ಅವನ ಪುಸ್ತಕ ಅನ್ನುವುದು. ಪ್ರತಿವರ್ಷ ಆಗಸ್ಟ್ 12ರಂದು, ಗ್ರಂಥಪಾಲಕರ ದಿನಕ್ಕೆ, ಅದನ್ನು ದುಂಡಗೆ ಬೋರ್ಡಿನ ಮೇಲೆ ಬರೆಯುವವಳು ನಾನೇ!

ಅಲ್ಲಿಂದ ಹುಡುಕಾಟ ಬದಲಾಯಿತು. ವಾಕ್ಯ ಚಿಕ್ಕದಿರಬೇಕು, ವಿಷಯ ಚಿಕ್ಕ ಮಕ್ಕಳದ್ದಾಗಿರಬಾರದು. ಇಂಥದ್ದು ಕನ್ನಡದಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕತೆಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದಾರೆ, ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಎರಡನೇ ಮಟ್ಟದಲ್ಲಿ ಕಾಡು, ಯಂತ್ರ, ಹುಳಹುಪ್ಪಟೆ ಅಂತ ಆರಿಸಿ ತೆಗೆದರೆ ದೊಡ್ಡ ಹುಡುಗರೂ ನಾಚಿಕೊಳ್ಳದೆ ಹಿಡಿಯುವಂಥವು ಸಿಗುತ್ತವೆ. ಒಂದು ಕೆಲಸ ಮಾತ್ರ ತಪ್ಪದೆ ಮಾಡುತ್ತೇನೆ: ರಟ್ಟಿನ ಮೇಲೆ ಮಟ್ಟದ ಸಂಖ್ಯೆ ಇದ್ದರೆ ಅದರ ಮೇಲೆ ನಮ್ಮ ಶಾಲೆಯ ಚೀಟಿ ಅಂಟಿಸಿಬಿಡುತ್ತೇನೆ.

ಅಂಗಡಿಯಲ್ಲಿ ಪುಸ್ತಕ ಕೈಗೆ ಬಂದರೆ ಈಗ ಮೊದಲ ಪುಟ ನೋಡುವುದಿಲ್ಲ. ಮೊದಲ ಪುಟವನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ನಡುವಿನ ಪುಟ ತೆಗೆದು ಮೆಲ್ಲಗೆ ಬಾಯಿಬಿಟ್ಟು ಓದುತ್ತೇನೆ. ಅಂಗಡಿಯವರು ಒಂದು ಥರ ನೋಡುತ್ತಾರೆ, ನೋಡಲಿ. ಗೊತ್ತಿಲ್ಲದ ಪದಗಳನ್ನು ಬೆರಳು ಮಡಚಿ ಎಣಿಸುವ ಪದ್ಧತಿಯೊಂದಿದೆ, ಒಂದು ಪುಟದಲ್ಲಿ ಐದು ಬೆರಳು ಮಡಚಿದರೆ ಪುಸ್ತಕ ಕಷ್ಟ ಅಂತ ಲೆಕ್ಕ. ಇಂಗ್ಲಿಷಿಗೆ ಸರಿ ಇರಬಹುದು. ಕನ್ನಡದಲ್ಲಿ ಮಗು ತಡವರಿಸುವುದು ಪದ ಗೊತ್ತಿಲ್ಲದೆ ಅಂತಲೇ ಅಲ್ಲ. 'ಹೋಗಬೇಕಾಗಿಬಂದಿತ್ತು' ಅನ್ನುವುದರಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ, ಆದರೂ ಅರ್ಧ ದಾರಿಯಲ್ಲಿ ಉಸಿರು ಕಟ್ಟುತ್ತದೆ. ಮುದ್ರಕರು ಅದನ್ನು ಸಾಲಿನ ಕೊನೆಯಲ್ಲಿ 'ಹೋಗಬೇಕಾ' ಎಂದು ತುಂಡರಿಸಿ ಉಳಿದದ್ದನ್ನು ಕೆಳಗಿನ ಸಾಲಿಗೆ ದಬ್ಬಿದ್ದರಂತೂ ಮುಗಿಯಿತು. ಸಾಲುಗಳ ನಡುವೆ ಜಾಗ ಇದೆಯೋ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆಯೋ ಎಂದು ನೋಡುತ್ತೇನೆ. ಬಡಿಯುತ್ತಿದ್ದರೆ ಎಂಥ ಒಳ್ಳೆಯ ಕತೆಯಾದರೂ ವಾಪಸ್ ಇಡುತ್ತೇನೆ. ಬಿಟ್ಟುಬಂದ ಕತೆಗಳ ಬಗ್ಗೆ ಬೇಸರವಿದೆ. ಬರೀ ಅಂಟಿನ ಬೈಂಡಿಂಗೂ ಬೇಡ, ನಮ್ಮ ಜುಲೈ ತಿಂಗಳಿಗೆ ಅದು ತಡೆಯುವುದಿಲ್ಲ, ಹಾಳೆ ಹಾಳೆಯಾಗಿ ಕೈಗೆ ಬರುತ್ತದೆ.

ಇನ್ನು ನೀತಿ. ಕೊನೆಯ ಪ್ಯಾರಾದ ಮೇಲೆ ಕೈ ಇಟ್ಟು ಓದಿ ನೋಡುತ್ತೇನೆ. ಅದಿಲ್ಲದೆಯೂ ಕತೆ ನಿಂತರೆ ಪುಸ್ತಕ ಬ್ಯಾಗಿಗೆ. ಮಕ್ಕಳು ಆ ಪ್ಯಾರಾವನ್ನು ಹೇಗೂ ಹಾರಿಸುತ್ತಾರೆ, ನಾವೂ ಹಾರಿಸುತ್ತಿದ್ದೆವು.

ಹುಡುಗನ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್‌ನಲ್ಲಿ, ಕಾಫಿ ಕುಯ್ಲಿನ ಹೊತ್ತಿಗೆ, ಹದಿನಾರು ಪುಟದ ಆನೆ ಪುಸ್ತಕವೊಂದನ್ನು ಮೇಜಿನ ಮೇಲೆ ಸುಮ್ಮನೆ ಬಿಟ್ಟಿದ್ದೆ. ತಗೋ ಅಂತ ಹೇಳಲಿಲ್ಲ. ಪುಸ್ತಕ ಕಾಣೆಯಾಯಿತು. ಅವನೂ ಎರಡು ವಾರ ಕ್ಲಾಸಿಗೆ ಬರಲಿಲ್ಲ. ಬಂದವನು ನೇರ ನನ್ನ ಮೇಜಿಗೆ ಬಂದು ಪುಸ್ತಕ ಬಿಚ್ಚಿಟ್ಟ. ಅಂಚಿನಲ್ಲೆಲ್ಲ ಕುಯ್ಲಿನ ಕೈಯ ಕಪ್ಪು ಕಲೆ. ಒಂಬತ್ತನೇ ಪುಟದಲ್ಲಿ ತಾಯಿ ಆನೆಯ ಚಿತ್ರ, ಅದರ ಮೇಲೆ ಪೆನ್ಸಿಲಿನಲ್ಲಿ ದೊಡ್ಡ ತಪ್ಪು ಗುರುತು.

"ಇದು ಸರಿ ಇಲ್ಲ ಟೀಚರ್. ಹೆಣ್ಣಾನೆಗೆ ಇಷ್ಟುದ್ದ ದಂತ ಎಲ್ಲಿಂದ ಬಂತು?"

ಅವನ ಮಾವ ಮತ್ತಿಗೋಡು ಆನೆ ಶಿಬಿರದಲ್ಲಿ ಕಾವಾಡಿ, ಅಂದರೆ ಮಾವುತನ ಸಹಾಯಕ. 2020ರಲ್ಲಿ ಮೊದಲ ಸಲ ಮೈಸೂರು ದಸರಾದ ಅಂಬಾರಿ ಹೊತ್ತ ಅಭಿಮನ್ಯು ಅದೇ ಶಿಬಿರದವನು. ನಮ್ಮ ಕಡೆಯ ಆನೆಗಳಲ್ಲಿ ಉದ್ದ ದಂತ ಗಂಡಿಗೆ ಮಾತ್ರ, ಹೆಣ್ಣಿಗಿದ್ದರೂ ಹೊರಗೆ ಕಾಣುವುದೇ ಅಪರೂಪ. ಈ ಪುಸ್ತಕವನ್ನು ನಾನು ನಡುವಿನ ಪುಟ ಓದಿ, ಸಾಲಿನ ಅಂತರ ನೋಡಿ, ಕೊನೆಯ ಪ್ಯಾರಾ ಮುಚ್ಚಿ ಎಲ್ಲ ಪರೀಕ್ಷೆ ಮಾಡಿಯೇ ತಂದಿದ್ದೆ. ದಂತ ಕಣ್ಣಿಗೇ ಬಿದ್ದಿರಲಿಲ್ಲ.

ಮುಂದಿನ ವರ್ಷ ಪುಸ್ತಕದ ಪಟ್ಟಿ ಬಂದಾಗ ಆರು, ಏಳನೇ ಕ್ಲಾಸಿನ ಐದು ಮಕ್ಕಳನ್ನು ಕೂರಿಸಿಕೊಂಡೆ. ಅವನೂ ಇದ್ದ. ಪಟ್ಟಿಯನ್ನು ಓದಿದ್ದು ಬೇರೆಯವರು, ಬೇಡ ಅಂದದ್ದೆಲ್ಲ ಅವನೇ. ನನಗೆ ತುಂಬ ಇಷ್ಟವಾಗಿದ್ದ ಎರಡು ಪುಸ್ತಕಗಳೂ ಹೋದವು.

ಆ ತಪ್ಪು ಗುರುತನ್ನು ಅಳಿಸಲು ರಬ್ಬರ್ ತೆಗೆದಿದ್ದೆ, ಆಮೇಲೆ ಬಿಟ್ಟೆ. ಅದರ ಕೆಳಗೆ ಯಾರೋ 'ಹೌದು' ಎಂದು ಬರೆದಿದ್ದಾರೆ. ಅದಕ್ಕೂ ಕೆಳಗೆ, ಬೇರೆ ಕೈಬರಹದಲ್ಲಿ, 'ನಾನು ದುಬಾರೆಯಲ್ಲಿ ನೋಡಿದ್ದೇನೆ' ಎಂದಿದೆ.