ತಾರಸಿ ಸೋರಿದರೆ ಮೊದಲು ಮೂಲೆ ನೋಡಿ

ಮಳೆಗಾಲದಲ್ಲಿ ಸೀಲಿಂಗಿನ ಮೇಲೆ ತೇವದ ಕಲೆ ಕಂಡ ಕೂಡಲೇ ಒಳಗಿನಿಂದ ಪುಟ್ಟಿ ಬಳಿದು ಬಣ್ಣ ಹೊಡೆಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಒಳಗೆ ಉಳಿದ ತೇವ ಸ್ಲ್ಯಾಬಿನ ಕಂಬಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಸೋರಿಕೆ ಬಹಳ ಸಲ ಶುರುವಾಗುವುದು ಪ್ಯಾರಪೆಟ್ ಗೋಡೆ ತಾರಸಿಯನ್ನು ಸೇರುವ ಮೂಲೆಯಲ್ಲಿ ಮತ್ತು ಮಳೆನೀರಿನ ಪೈಪಿನ ಬಾಯಿಯ ಸುತ್ತ. ಆ ಮೂಲೆಯ ಸಡಿಲ ಗಾರೆಯನ್ನು ಕೆತ್ತಿ ತೆಗೆಸಿ, ಹೊಸ ಗಾರೆಯಿಂದ ದುಂಡಗೆ ಮುಚ್ಚಿಸಿ, 7 ದಿನ ನೀರು ಹಾಕಿ ತೇವವಾಗಿಟ್ಟು ಕ್ಯೂರಿಂಗ್ ಮಾಡಿಸಿ, ಪೂರ್ತಿ ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಲೇಪನವನ್ನು ಗೋಡೆಯ ಮೇಲೂ ಸುಮಾರು ಒಂದಡಿ ಏರಿಸಬೇಕು. ಬಳಿಕ ಪೈಪಿನ ಬಾಯಿ ಮುಚ್ಚಿ ತಾರಸಿಯ ಮೇಲೆ 48 ಗಂಟೆ ನೀರು ತುಂಬಿ ನಿಲ್ಲಿಸಿ, ಕೆಳಗಿನ ಸೀಲಿಂಗನ್ನು ಮುಟ್ಟಿ ತೇವವಿಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೂ ಮೇಸ್ತ್ರಿಗೆ ಕೊನೆಯ ಕಂತು ಕೊಡಬೇಡಿ.