ಆರು ಪಾಯಿಂಟು

ರವಿವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಇಷ್ಟರ ನನಗ ಹೇಳಬಾರದಿತ್ತೇನೋ ತಮ್ಮಾ?"

ಹೇಳಿದವರು ಬ್ರಿಡ್ಜ್ ಎಂಬ ಇಸ್ಪೀಟಾಟದಲ್ಲಿ ನನ್ನ ಜೋಡಿ, ಎಪ್ಪತ್ತು ದಾಟಿದ ಮಾಸ್ತರು. ಧಾರವಾಡದ ಅವರ ಮನೆಯ ಪಡಸಾಲೆಯಲ್ಲಿ ವಾರಕ್ಕೊಮ್ಮೆ ನಾಲ್ವರು ಕೂಡುತ್ತೇವೆ. ಅವತ್ತು ಅವರು 'ಒನ್ ಹಾರ್ಟ್' ಅಂದರು. ಹಾರ್ಟು ತುರುಪಾದರೆ ಹದಿಮೂರು ಟ್ರಿಕ್‌ನಲ್ಲಿ, ಅಂದರೆ ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತಿನಲ್ಲಿ, ನಾವಿಬ್ಬರೂ ಸೇರಿ ಏಳು ಗೆಲ್ಲುತ್ತೇವೆ ಎಂಬ ಕರೆ ಅದು. ಎದುರಾಳಿ ಪಾಸ್. ನನ್ನ ಕೈಯಲ್ಲಿ ಹಾರ್ಟಿನ ರಾಣಿ, ಏಳು, ನಾಲ್ಕು. ಡೈಮಂಡಿನ ರಾಜ, ಸ್ಪೇಡಿನ ಗುಲಾಮ. ಕ್ಲಬ್ಸು ಎರಡೇ, ಅವೂ ಸಣ್ಣವು. ದೊಡ್ಡ ಎಲೆಗಳಿಗೆ ಎಣಿಸುವ ಪಾಯಿಂಟು ಇಡೀ ಕಟ್ಟಿನಲ್ಲಿ 40, ಅದರಲ್ಲಿ ನನ್ನವು 6. ಇದನ್ನೇನು ಹೇಳುವುದು ಎಂದು ಪಾಸ್ ಅಂದೆ. ಕರೆ ಅಲ್ಲಿಗೇ ಮುಗಿಯಿತು.

ಕರೆದವರ ಜೋಡಿ ತಾನು ಆಡದೆ ಎಲೆ ತೆರೆದಿಡಬೇಕು; ಹಾಗೆ ಡಮ್ಮಿಯಾಗಿ ಎಲೆ ಹರವಿದೆ. ರಾಣಿ ಇಟ್ಟಾಗ ಮಾಸ್ತರು ಕನ್ನಡಕ ಮೇಲೆ ಸರಿಸಿದರು. ರಾಜ ಇಟ್ಟಾಗ ತಮ್ಮ ಎಲೆಗಳನ್ನು ಮಡಚಿ ಎದೆಗೊತ್ತಿಕೊಂಡರು. ಆಮೇಲೆ ಆ ಮಾತು ಅಂದರು, ಮೆಲ್ಲಗೆ. ಬೈದಿದ್ದರೆ ಇಷ್ಟರಲ್ಲಿ ಮರೆತಿರುತ್ತಿದ್ದೆ.

ಅವರ ಕೈಯಲ್ಲಿ 20 ಪಾಯಿಂಟು ಇದ್ದವು! ಹತ್ತು ಟ್ರಿಕ್ ಸಲೀಸಾಗಿ ಬಂದವು, ಸಿಕ್ಕಿದ್ದು 170 ಅಂಕ. ಹತ್ತು ಗೆಲ್ಲುತ್ತೇವೆ ಎಂದು ಮೊದಲೇ 'ಫೋರ್ ಹಾರ್ಟ್ಸ್' ಕರೆದು ಅದೇ ಹತ್ತು ಟ್ರಿಕ್ ಮಾಡಿದ್ದರೆ ಕನಿಷ್ಠ 420.

ನನಗೆ ಗೊತ್ತಿಲ್ಲದ ಪಾಠವಲ್ಲ ಇದು. 'ಒನ್ ಹಾರ್ಟ್' ಅಂದವರ ಹತ್ತಿರ 12 ಇರಬಹುದು, 20ರವರೆಗೂ ಇರಬಹುದು. ಹಾರ್ಟು ಐದಾದರೂ ಇರುತ್ತವೆ. ಮೂರು ಹಾರ್ಟಿದ್ದ ನಾನು 'ಟೂ ಹಾರ್ಟ್ಸ್' ಅಂದಿದ್ದರೆ ಸಾಕಿತ್ತು. ಆರರಿಂದ ಒಂಬತ್ತು ಪಾಯಿಂಟಿವೆ, ತುರುಪಿಗೆ ಜೊತೆಗಿದ್ದೇನೆ ಎಂದಷ್ಟೇ ಅದರ ಅರ್ಥ. ಮುಂದಿನದು ಅವರ ಲೆಕ್ಕ.

"ಪಾಪ, ಸಂಕೋಚ ಅವಗ" ಎಂದು ಎದುರಾಳಿ ಸಮಾಧಾನ ಹೇಳಿದರು. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ ಅವರು, ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ನಾನು ನನ್ನ ಕೈಯನ್ನಷ್ಟೇ ನೋಡುತ್ತ ಕೂತಿದ್ದೆ. ಎದುರಿಗೆ ಕೂತವರು ನನ್ನನ್ನು ಕೇಳುತ್ತಿದ್ದಾರೆ ಎಂಬುದನ್ನೇ ಮರೆತಿದ್ದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಜೋಡಿ ಆಟದ ಚಿನ್ನ ಗೆದ್ದ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಅವರ ಮಾತು ತೆಗೆದು ಮಾಸ್ತರು ಯಾವಾಗಲೂ "ಜೋಡಿ ಅಂದ್ರ ಹಂಗಿರಬೇಕು" ಅನ್ನುತ್ತಾರೆ. ರವಿವಾರ ಮಾತ್ರ ಆ ಸುದ್ದಿ ತೆಗೆಯಲಿಲ್ಲ.

ರಾತ್ರಿ ನಿದ್ದೆ ಬರದೆ ಯುಗಾದಿಯ ಊಟ ನೆನಪಾಯಿತು. ಹಾನಗಲ್ಲ ಕಡೆಯ ನಮ್ಮೂರಿನಲ್ಲಿ ಅಣ್ಣ ಎಲೆಯ ಮುಂದೆ ಕೂತು, "ಈ ಸಲ ಬೋರ್ ಹೊಡಸಬೇಕಂತ ಮಾಡೇನಿ" ಅಂದಿದ್ದ. ನನ್ನ ಹತ್ತಿರ 20,000 ರೂಪಾಯಿ ಇತ್ತು. ಅಷ್ಟು ದೊಡ್ಡ ಕೆಲಸಕ್ಕೆ ಇದು ಎಲ್ಲಿ ಸಾಲಬೇಕು ಎಂದು "ಹೂಂ" ಅಂದು ಹೋಳಿಗೆ ಮುರಿದೆ. ಅವನ ಹತ್ತಿರ ಎಷ್ಟು ಕೂಡಿದೆ, ಎಷ್ಟು ಕಡಿಮೆ ಬಿದ್ದಿದೆ ಎಂದು ಕೇಳಲೂ ಇಲ್ಲ. ಅವನು ಆ ಮಾತು ಮತ್ತೆ ಎತ್ತಲಿಲ್ಲ.

ಮಂಗಳವಾರ ಫೋನ್ ಹಚ್ಚಿದೆ. "ಅಣ್ಣಾ, ನನ್ನ ಕಡೆ ಇಪ್ಪತ್ತ ಸಾವಿರ ಅದಾವ. ಅಷ್ಟ ಅದಾವ."

ಅತ್ತ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ತಡಿ, ನಿಮ್ಮ ವೈನೀನ ಕರೀತೇನಿ. ಲೆಕ್ಕಾ ಎಲ್ಲಾ ಅಕಿ ಕಡೇನ ಐತಿ" ಅಂದ.